ಜ್ವರದ ಮೊದಲನೇ ದಿನ

ಜ್ವರ ಯಾವತ್ತು ಬಂತು ಎಂಬ ಪ್ರಶ್ನೆಗೆ ನಾನು ಮೂರು ಜನರಿಗೆ ಮೂರು ಉತ್ತರ ಕೊಟ್ಟಿದ್ದೇನೆ. ಮಗನಿಗೆ ಒಂದು, ಓಣಿಯ ತುದಿಯ ಡಾಕ್ಟರಿಗೆ ಒಂದು, ಆಸ್ಪತ್ರೆಯ ಡಾಕ್ಟರಿಗೆ ಒಂದು. ಮೂರರಲ್ಲಿ ಒಂದೇ ನಿಜ, ಅದೂ ಕೊನೆಯಲ್ಲಿ ಬಂತು. ಆ ತಡದಲ್ಲಿ ನನ್ನ ಸೊಸೆಯ ಜೀವ ಹೋಗುವುದಿತ್ತು. ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಓದುವವರನ್ನು ಕಾಯಿಸಿ ನಾನು ಲಾಭ ಮಾಡಿಕೊಳ್ಳುವುದು ಸರಿಯಲ್ಲ.

ಇದನ್ನು ಮೊದಲ ಸಲ ಬರೆದಾಗ ಮಳೆಯಿಂದ ಶುರುಮಾಡಿದ್ದೆ. ಮೋಡ, ಜಿಟಿಜಿಟಿ, ಕಿಟಕಿಯ ಸರಳಿನ ಮೇಲೆ ಹನಿ. ಆ ವಾರ ಮಳೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಜ್ವರದ ಕತೆಗೆ ಮೋಡ ಒಪ್ಪುತ್ತದೆ ಎಂದು ಕೈ ತಾನಾಗಿ ಬರೆದಿತ್ತು. ಹೊಡೆದುಹಾಕಿದೆ. ನೆನಪಿರುವುದು ನಳದ ನೀರು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಸೋಮವಾರ, ಮಂಗಳವಾರ ಎನ್ನುವುದಕ್ಕಿಂತ ನೀರು ಬಂದು ಮೂರನೇ ದಿನ, ನೀರು ನಾಳೆ ಎಂದೇ ನಾವು ವಾರ ಎಣಿಸುವುದು. ಹಾಸಿಗೆ ಒಗೆಯುವುದು, ಬೀಗರನ್ನು ಊಟಕ್ಕೆ ಕರೆಯುವುದು, ಊರಿಗೆ ಹೋಗುವುದು ಎಲ್ಲ ಅದರ ಮೇಲೆ. ಬಂದರೆ ಎರಡು ತಾಸು. ಅಷ್ಟರಲ್ಲಿ ಅಡುಗೆಮನೆಯ ಕೊಡಗಳು, ಬಚ್ಚಲಿನ ಹಂಡೆ, ಪಡಸಾಲೆಯ ಎರಡು ಬ್ಯಾರಲ್ಲು, ಆಮೇಲೆ ಬಕೆಟ್ಟು, ಪಾತೇಲಿ, ಕೊನೆಗೆ ಚಹಾದ ಕಿಟ್ಲಿ ಕೂಡ ತುಂಬಬೇಕು. ಹಿತ್ತಲಲ್ಲಿ ಇನ್ನೊಂದು ನೀಲಿ ಬ್ಯಾರಲ್ಲಿತ್ತು. ಅದು ಆಪತ್ತಿನ ನೀರು. ಒಂದು ಬೇಸಿಗೆಯಲ್ಲಿ ನಳ ತಪ್ಪಿ ಹೋಗಿ ಹದಿನೈದು ದಿನ ಒದ್ದಾಡಿದ ಮೇಲೆ ನಾನು ಅದನ್ನು ಇಟ್ಟದ್ದು. ಮೇಲೆ ಗೋಣಿಚೀಲ ಮುಚ್ಚಿರುತ್ತಿದ್ದೆ. ಅದನ್ನು ಪೂರ್ತಿ ಖಾಲಿ ಮಾಡಿದ ನೆನಪು ನನಗಿಲ್ಲ.

ಸೊಸೆ ಬಂದು ಎಂಟು ತಿಂಗಳಾಗಿತ್ತು. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ತವರುಮನೆಯೂ ಹುಬ್ಬಳ್ಳಿಯೇ, ಆದರೆ ಇಪ್ಪತ್ನಾಲ್ಕು ತಾಸು ನೀರು ಬರುವ ವಾರ್ಡು. ಒಂದೇ ಊರಿನಲ್ಲಿ ಎರಡು ಜಾತಿ ಇದ್ದ ಹಾಗೆ ಇದು. ಆ ಕಡೆಯ ಹೆಣ್ಣುಮಕ್ಕಳಿಗೆ ನೀರು ಹಿಡಿದಿಡುವ ಕಲೆ ಗೊತ್ತಿರುವುದಿಲ್ಲ, ಬಂದ ಹೊಸದರಲ್ಲಿ ಕೈ ತೊಳೆಯಲು ಅರ್ಧ ಬಕೆಟ್ಟು ಖರ್ಚುಮಾಡುತ್ತಾರೆ. ಓಣಿಯಲ್ಲಿ ಯಾರಾದರೂ ಸೊಸೆ ಹೇಗೆ ಎಂದು ಕೇಳಿದರೆ ನಾನು “ಇಪ್ಪತ್ನಾಲ್ಕು ತಾಸಿನ ಹುಡುಗಿರಿ” ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಮೊದಮೊದಲು.

ನೀಲಿ ಬ್ಯಾರಲ್ಲಿನ ಗೋಣಿಚೀಲ ಎತ್ತಿ ನೋಡಿದವಳು ಅವಳೇ.

“ಅತ್ತೀ, ಇದರಾಗ ಸಣ್ಣ ಸಣ್ಣ ಹುಳ ಅದಾವ್ರಿ. ಚೆಲ್ಲಿ ತಿಕ್ಕಲೇನ್ರಿ?”

“ಚೆಲ್ಲತಾಳಂತ! ನಿಮ್ಮ ಓಣ್ಯಾಗ ನಳ ತಿರುವಿದ್ರ ನೀರು. ಇಲ್ಲಿ ಹಂಗಿಲ್ಲವಾ. ಅರಿವಿ ಕಟ್ಟಿ ಸೋಸ್ಕೊ, ಮುಗೀತು.”

“ಸೋಸಿದ್ರ ಬಕೆಟ್ಟಿನ್ಯಾಗಿಂದು ಸ್ವಚ್ಛ ಆಗತೈತ್ರಿ. ಬ್ಯಾರಲ್ಲಿನ್ಯಾಗಿಂದು ಆಗೂದಿಲ್ಲಲ್ರಿ.”

“ಗಣಿತದ ಅಕ್ಕಾರ, ಸಾಕ್ರಿ ನಿಮ್ಮ ಲೆಕ್ಕ.”

ಅವಳು ಚೀಲ ಮತ್ತೆ ಮುಚ್ಚಿದಳು. ಅದಾಗಿ ಎಷ್ಟು ದಿನಕ್ಕೆ ಜ್ವರ ಬಂತು, ಹತ್ತೋ ಹನ್ನೆರಡೋ, ಹೇಳಲಾರೆ. ಅವಳನ್ನು ಕಚ್ಚಿದ ಸೊಳ್ಳೆ ನಮ್ಮ ಬ್ಯಾರಲ್ಲಿನದೇ ಎಂದೂ ಹೇಳಲಾರೆ. ಹೌದು ಎಂದರೆ ಕತೆ ಬಹಳ ಅಚ್ಚುಕಟ್ಟಾಗುತ್ತದೆ. ಅಲ್ಲ ಎಂದರೆ ನನಗೆ ಹಿತವಾಗುತ್ತದೆ. ಎರಡನ್ನೂ ಬಿಡುತ್ತೇನೆ.

ಅದು ಸೋಮವಾರ. ದಿನಾ ಆರಕ್ಕೆ ಬರುವವಳು ಮೂರೂವರೆಗೇ ಬಂದಳು. ಚಪ್ಪಲಿ ಒಂದು ಬಾಗಿಲ ಹೊರಗೆ, ಒಂದು ಒಳಗೆ. ಬ್ಯಾಗು ಹೆಗಲಲ್ಲೇ ಇತ್ತು, ಹಾಗೇ ಹಾಸಿಗೆಯ ಮೇಲೆ ಒರಗಿದಳು.

“ಅತ್ತೀ, ಕಣ್ಣಿನ ಹಿಂದ ಬ್ಯಾನಿ ಆಗಾಕತ್ತೈತ್ರಿ.”

“ಕಣ್ಣು ಬ್ಯಾನಿ ಕೇಳೇನಿ, ತಲಿ ಬ್ಯಾನಿ ಕೇಳೇನಿ. ಕಣ್ಣಿನ ಹಿಂದ ಏನೈತವಾ ಬ್ಯಾನಿ ಆಗಾಕ?”

“ಗೊತ್ತಿಲ್ರಿ. ಗುಡ್ಡಿ ಹೊರಳಿಸಿದ್ರ ಒಳಗಿಂದ ಯಾರೋ ಒತ್ತಿದಂಗ ಆಗತೈತಿ.”

“ನಾಳೆ ನೀರು ಬರೂದು ಗೊತ್ತೈತಿಲ್ಲೊ?”

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ ಓಣಿಗೆಲ್ಲ ಅಕ್ಕಾರ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಮಕ್ಕಳ ಪ್ರಬಂಧದ ಮೇಲೆ ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದಿದ್ದೇನೋ. ಅತ್ತೆಯಂದಿರ ಕ್ರೌರ್ಯದ ಬಗ್ಗೆ ಎರಡು ಕತೆಗಳನ್ನೂ ಬರೆದಿದ್ದೇನೆ. ಆ ಹುಡುಗಿ ತನಗೆ ಆದದ್ದನ್ನು ಅಷ್ಟು ಕರಾರುವಾಕ್ಕಾಗಿ ಹೇಳಿದಾಗ ನನಗೆ ಕೇಳಿಸಿದ್ದು ಮೈಗಳ್ಳತನ.

ಹಿಂದಿನ ಕರಡಿನಲ್ಲಿ ‘ಅವಳ ಹಣೆ ಮುಟ್ಟಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ’ ಎಂದಿತ್ತು. ಹಾಗಿದ್ದರೆ ತಪ್ಪು ಸಣ್ಣದು. ನಾನು ಮುಟ್ಟಿದ್ದೆ. ಸುಡುತ್ತಿತ್ತು. ಬಿಸಿಲಲ್ಲಿ ಬಸ್ಸಿಗೆ ನಿಂತು ಬಂದಿದ್ದಾಳೆ ಎಂದುಕೊಂಡೆ. ಮೂಗು ಸೋರುತ್ತಿರಲಿಲ್ಲ, ಕೆಮ್ಮು ಇರಲಿಲ್ಲ. ನೆಗಡಿ ಇಲ್ಲದ ಜ್ವರ ನನ್ನ ಲೆಕ್ಕದಲ್ಲಿ ಜ್ವರವೇ ಅಲ್ಲ.

ಮಂಗಳವಾರ ಮುಂಜಾನೆ ಆರೂವರೆಗೆ ನೀರು ಬಂತು. ನಮ್ಮ ನಳ ಬಾಗಿಲ ಮುಂದೆಯೇ ಇದೆ, ಎದುರು ಮನೆಯವರದ್ದು ಎದುರಿಗೆ. ಎದುರು ಮನೆಯ ಟೇಲರನ ಹೆಂಡತಿ ಆಗಲೇ ಪೈಪು ಹಚ್ಚಿದ್ದರು. ನಾನು ಒಳಗೆ ಬ್ಯಾರಲ್ಲು ತುಂಬಿಸುತ್ತಿದ್ದೆ, ಸೊಸೆ ಹೊರಗೆ ಕೊಡ ಹಿಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀರು ತುಂಬಿ ಹರಿದು ಹೋಗುವ ಸದ್ದು ಕೇಳಿ ಹೊರಗೆ ಬಂದೆ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ತಲೆ ಗೋಡೆಗೆ. ಟೇಲರನ ಹೆಂಡತಿ ಅವಳ ಕುತ್ತಿಗೆಗೆ ಕೈ ಇಟ್ಟು ನೋಡುತ್ತಿದ್ದರು.

“ಅಕ್ಕಾರ, ಈ ಹುಡುಗಿ ಮೈ ಕಾದ ಹಂಚಾಗೈತ್ರಿ! ಒಳಗ ಮಲಗಸ್ರಿ. ನಿಮ್ಮ ಕೊಡಾ ನಾ ತುಂಬತೇನಿ.”

“ಏನಾಗಿಲ್ಲ ಬಿಡ್ರಿ. ನೀರು ಬಂದ್ರ ಬರತೈತಿ, ನೀರು ನಿಂತ್ರ ಬಿಡತೈತಿ. ಅಂಥಾ ಜ್ವರ ಇದು.”

ನಳದ ಹತ್ತಿರ ಇದ್ದ ಇಬ್ಬರು ಹೆಂಗಸರು ನಕ್ಕರು. ಟೇಲರನ ಹೆಂಡತಿ ನಗಲಿಲ್ಲ.

“ನಮ್ಮ ಸಣ್ಣಾಕಿಗೆ ಹ್ವಾದ ವರ್ಷ ಹಿಂಗ ಆಗಿತ್ರಿ. ಡೆಂಗಿ ಅಂದ್ರು. ಚ್ಯಾಷ್ಟಿ ಬ್ಯಾಡ, ತೋರಸ್ರಿ ಅಕ್ಕಾರ.”

ಅಷ್ಟರಲ್ಲಿ ಸೊಸೆ ಎದ್ದು ನಿಂತಳು. ಉಳಿದ ನಾಲ್ಕು ಕೊಡ ಅವಳೇ ತುಂಬಿದಳು. ಒಂದೊಂದನ್ನೂ ಸೊಂಟಕ್ಕೆ ಏರಿಸುವ ಮೊದಲು ಕಣ್ಣು ಮುಚ್ಚಿ ಸ್ವಲ್ಪ ನಿಲ್ಲುತ್ತಿದ್ದಳು. ನಾನು ಬೇಡ ಎನ್ನಲಿಲ್ಲ. ಬೇಡ ಅಂದಿದ್ದರೆ ನಕ್ಕ ಇಬ್ಬರ ಮುಂದೆ ನನ್ನ ಮಾತು ಬೀಳುತ್ತಿತ್ತು.

ಬುಧವಾರ ಅವಳು ಏಳಲಿಲ್ಲ. ಎಲುಬೆಲ್ಲ ಬಿಚ್ಚಿ ಇಟ್ಟ ಹಾಗೆ ಆಗುತ್ತಿದೆ ಎಂದಳು. ಮಗ್ಗುಲಾಗುವಾಗ ಕೂಗಿದಳು. ಅವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು, ಹೆದರಿದವಳು ಮಾಡಿದ್ದೇನು? ನನ್ನ ಮೊಣಕಾಲು ನೋವಿಗೆ ಡಾಕ್ಟರು ಬರೆದುಕೊಟ್ಟ ಗುಳಿಗೆ ಕೊಟ್ಟೆ. ಮುಂಜಾನೆ ಒಂದು, ಸಂಜೆ ಒಂದು. ನೋವು ಸ್ವಲ್ಪ ಇಳಿಯಿತು, ನನಗೆ ಹೆಮ್ಮೆ. ಮಗ ಫೋನು ಮಾಡಿದ. ಅವನು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದಾನೆ, ಆ ವಾರ ಯಂತ್ರ ಜೋಡಿಸಲು ಬೀದರಕ್ಕೆ ಹೋಗಿದ್ದ.

“ಅವ್ವಾ, ಆಕಿ ಫೋನ್ ಎತ್ತವಲ್ಲಳು. ಏನಾಗೈತಿ?”

“ಮಲಗ್ಯಾಳ. ನಿನ್ನೆ ಸಂಜಿಂದ ಸ್ವಲ್ಪ ಮೈ ಬೆಚ್ಚಗೈತಿ.”

ನಿನ್ನೆ ಸಂಜೆ. ಅಂದರೆ ಮಂಗಳವಾರದ ನೀರೆಲ್ಲ ತುಂಬಿ ಮುಗಿದ ಮೇಲೆ. ಮೊದಲ ಸುಳ್ಳು ಇಷ್ಟು ಸಲೀಸಾಗಿ ಬಂತು. ಹೇಳುವಾಗ ಅದು ಸುಳ್ಳು ಎಂದೂ ಅನ್ನಿಸಿರಲಿಲ್ಲ, ದಿನ ಒಂದಿಷ್ಟು ಈ ಕಡೆ ಸರಿದಿತ್ತು ಅಷ್ಟೆ.

ಗುರುವಾರ ಮುಂಜಾನೆ ಇನ್ನೊಂದು ಗುಳಿಗೆ. ಮಧ್ಯಾಹ್ನ ಅವಳ ತೋಳು, ಎದೆಯ ಮೇಲೆ ಕೆಂಪಗೆ ಸಣ್ಣ ಚುಕ್ಕೆಗಳು ಕಂಡವು. ಬೆವರುಸಾಲೆ ಇರಬೇಕು ಎಂದೆ. ಸಂಜೆ ಅವಳು ತಾನಾಗಿ “ಅತ್ತೀ, ಡಾಕ್ಟರ್ ಕಡೆ ಹೋಗೂಣ್ರಿ” ಎಂದಳು. ಎಂಟು ತಿಂಗಳಲ್ಲಿ ಅವಳು ತನಗಾಗಿ ನನ್ನನ್ನು ಕೇಳಿದ್ದು ಅದೊಂದೇ.

ಓಣಿಯ ತುದಿಯ ಡಾಕ್ಟರು ನನ್ನ ವಿದ್ಯಾರ್ಥಿ. ನನ್ನನ್ನು ಕಂಡು ಎದ್ದು ನಿಂತರು.

“ಅಕ್ಕಾರ, ನೀವ್ಯಾಕ ಬರಾಕ ಹೋದ್ರಿ? ಫೋನ್ ಮಾಡಿದ್ರ ನಾನ ಬರತಿದ್ನಲ್ರಿ. ಯಾವಾಗಿಂದ ಜ್ವರ?”

ಇನ್ನೂ ಮೂರ್ನಾಲ್ಕು ಜನ ಬಾಗಿಲಲ್ಲಿ ಕಾಯುತ್ತಿದ್ದರು. ನಾಲ್ಕು ದಿನ ಸುಮ್ಮನಿದ್ದೆ ಎಂದು ಹೇಗೆ ಹೇಳುವುದು, ಅದೂ ಅಕ್ಕಾರ ಎಂದು ಎದ್ದು ನಿಂತ ಹುಡುಗನಿಗೆ?

“ನಿನ್ನೆಯಿಂದಪಾ” ಎಂದೆ.

ಸೊಸೆ ನನ್ನ ಕಡೆ ನೋಡಿದಳು.

“ಒಂದ ದಿನದ ಜ್ವರಕ್ಕ ಈಗ ರಕ್ತ ತೆಗಸೂದು ಬ್ಯಾಡ್ರಿ. ಶನಿವಾರ ಬರ್ರಿ. ಅಲ್ಲೀತನಕಾ ಈ ಜ್ವರದ ಗುಳಗಿ ಅಷ್ಟ. ಬ್ಯಾರೆ ನೋವಿನ ಗುಳಗಿ ಏನೂ ಕೊಡಬ್ಯಾಡ್ರಿ, ಡೆಂಗಿ ಇದ್ರ ಅದು ರಕ್ತಸ್ರಾವಕ್ಕ ದಾರಿ. ಗಂಜಿ, ಎಳನೀರು ಕುಡಸ್ರಿ. ಜ್ವರ ಇಳಿದ್ರ ಆರಾಮಾತು ಅಂತ ತಿಳೀಬ್ಯಾಡ್ರಿ ಮತ್ತ. ಇಳಿದಾಗ ನೋಡಬೇಕು. ಹೊಟ್ಟಿ ಬ್ಯಾನಿ, ವಾಂತಿ, ಕೈಕಾಲು ತಣ್ಣಗ, ವಸಡಿನ್ಯಾಗ ರಕ್ತ, ಯಾವುದು ಕಂಡ್ರೂ ಓಡಿ ಬರ್ರಿ.”

ಈ ಕೊನೆಯ ಮಾತುಗಳನ್ನು ಅವರು ಹೇಳಿದರೇ? ನೋವಿನ ಗುಳಿಗೆ ಎಂದದ್ದು ಕೇಳಿದ ಮೇಲೆ ನನ್ನ ಕಿವಿಯಲ್ಲಿ ಏನೂ ಇಳಿಯಲಿಲ್ಲ. ಹೇಳಿರಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಹೇಳಿರಲಿಲ್ಲ ಎನ್ನುವುದು ನನಗೆ ಅಷ್ಟು ಅನುಕೂಲವಾಗಿರುವುದರಿಂದಲೇ ಹೇಳಿದ್ದರು ಎಂದು ಇಲ್ಲಿ ಬರೆಯುತ್ತಿದ್ದೇನೆ. ಗುಳಿಗೆಯ ವಿಷಯ ನಾನು ಬಾಯಿ ಬಿಡಲಿಲ್ಲ. ಚೀಟಿಯ ಮೇಲೆ ಅವರು ಬುಧವಾರದ ತಾರೀಖು ಬರೆದುಕೊಂಡರು.

ಶುಕ್ರವಾರ ಮುಂಜಾನೆ ಜ್ವರ ಬಿಟ್ಟಿತ್ತು. ಹಣೆ ತಣ್ಣಗೆ, ಸ್ವಲ್ಪ ಬೆವರು. ಎಷ್ಟು ಹಗುರಾದೆ ಎಂದರೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಜ್ವರ ಬಿಟ್ಟವರಿಗೆ ತಲೆಯ ಮೇಲೆ ನೀರು ಹಾಕುವುದು ನಮ್ಮ ಕಡೆಯ ಪದ್ಧತಿ. ತಲೆಗೆ ನೀರು ಬಿದ್ದರೆ ಬೇನೆ ತೀರಿತು ಎಂದು ಲೆಕ್ಕ. ಹಂಡೆಯ ನೀರು ಕಾಯಿಸಿದೆ. ನೀರು ಬಂದು ಮೂರೇ ದಿನವಾಗಿತ್ತು, ಆದರೂ ಕೈ ಬಿಗಿ ಹಿಡಿಯಲಿಲ್ಲ. ಅವಳು ಬೇಡ ಎಂದಳು, ಶಕ್ತಿ ಇಲ್ಲ ಎಂದಳು. ನಾನೇ ಎರೆಯುತ್ತೇನೆ ಬಾ ಎಂದು ಎಬ್ಬಿಸಿ ಕರೆದುಕೊಂಡು ಹೋದೆ. ಮದುವೆಯಾಗಿ ಬಂದ ಮೇಲೆ ನಾನು ಅವಳ ಕೂದಲು ಮುಟ್ಟಿದ್ದು ಅದೇ ಮೊದಲು. ಅದು ಪ್ರೀತಿಯೇ ಆಗಿತ್ತು ಎಂದು ಬರೆಯಲು ಆಸೆ. ಹೊತ್ತಿಗೆ ಮೊದಲೇ ಕ್ಷಮೆ ಪಡೆದುಕೊಳ್ಳುವ ಆತುರವೂ ಅದರಲ್ಲಿತ್ತು.

ಬಿಸಿನೀರು ಸುರಿಯುತ್ತಿದ್ದರೂ ಅವಳ ಕೈ ತಣ್ಣಗೇ ಇತ್ತು.

“ಅತ್ತೀ, ಹೊಟ್ಟಿ ಬಾಳ ಬ್ಯಾನಿ ಆಗಾಕತ್ತೈತ್ರಿ.”

“ನಾಲ್ಕು ದಿನದಿಂದ ಹೊಟ್ಟ್ಯಾಗ ಏನೈತಿ? ಖಾಲಿ ಹೊಟ್ಟಿ. ಗಂಜಿ ಕುಡದ್ರ ಸರಿ ಹೋಗತೈತಿ.”

ನಾಲ್ಕು ದಿನ. ಹಿಂದಿನ ಸಂಜೆ ಡಾಕ್ಟರಿಗೆ ಒಂದು ದಿನ ಎಂದಿದ್ದ ಅದೇ ನಾಲಿಗೆ. ಅವಳು ತಲೆ ಎತ್ತಿ ನೋಡಿದಳು, ಸೀಗೆಕಾಯಿಯ ನೊರೆ ಕಣ್ಣಿನ ಹತ್ತಿರ ಇಳಿಯುತ್ತಿತ್ತು. ಅವಳಿಗೂ ಕೇಳಿಸಿದೆ ಎಂದು ನನಗೆ ಗೊತ್ತಾಯಿತು. ಆಮೇಲೆ ವಾಂತಿ ಮಾಡಿದಳು, ಮತ್ತೊಮ್ಮೆ, ಮತ್ತೊಮ್ಮೆ. ಬಾಯಿ ತೊಳೆಯಲು ನೀರು ಕೊಟ್ಟರೆ ಉಗುಳಿದ ನೀರು ಕೆಂಪಗಿತ್ತು. ಬಚ್ಚಲಿನ ಗೋಡೆಗೆ ಜಾರಿ ಕೂತಳು. ನಾನು ಬಾಗಿಲಿಗೆ ಓಡಿಬಂದು ಟೇಲರನ ಹೆಂಡತಿಯನ್ನು ಕೂಗಿದೆ. ಅವರು ಒದ್ದೆ ಮೈಗೆ ತಮ್ಮ ಚಾದರ ಸುತ್ತಿದರು, ಆಟೋ ನಿಲ್ಲಿಸಿದರು, ತಾವೂ ಹತ್ತಿದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸೊಸೆಯ ಬೆರಳ ತುದಿ ಒತ್ತಿ ಬಿಟ್ಟು, ಬಣ್ಣ ಮರಳುವುದನ್ನು ನೋಡಿದರು. ರಕ್ತದೊತ್ತಡ ನೋಡಿದರು. ಎರಡು ಸಲ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಚೀಟಿ ತೆಗೆದುಕೊಂಡರು.

“ಬುಧವಾರ ಶುರು ಆತು ಅಂತ ಬರದಾರ. ಖರೇನ್ರಿ? ಮೂರನೇ ದಿನಕ್ಕ ಇಷ್ಟಾಗೂದು ಕಡಿಮಿ. ನೆನಪು ಮಾಡ್ಕೊಂಡು ಹೇಳ್ರಿ. ಮೊದಲನೇ ದಿನ ಹಿಡದು ಎಣಿಸಿನ ನಾವು ಸಲೈನ್ ಲೆಕ್ಕ ಹಾಕೂದು. ಕಡಿಮಿ ಆದ್ರೂ ಕಷ್ಟ, ಹೆಚ್ಚಾದ್ರೂ ಕಷ್ಟ.”

ನಾನು ಬಾಯಿ ತೆರೆಯುವ ಮೊದಲು ಹಾಸಿಗೆಯಿಂದ ಸೊಸೆಯ ದನಿ ಬಂತು. ಕಣ್ಣು ಮುಚ್ಚಿಯೇ ಇತ್ತು.

“ಅತ್ತಿ ಹೇಳಿದ್ದ ಖರೆ ಐತ್ರಿ. ಬುಧವಾರ.”

ಹೆದರಿ ಹೇಳಿದಳೋ, ನನ್ನ ಮರ್ಯಾದೆ ಉಳಿಸಲು ಹೇಳಿದಳೋ, ಸಿಟ್ಟಿನಿಂದ ಹೇಳಿದಳೋ. ಮೂರನ್ನೂ ಒಂದೊಂದು ಕರಡಿನಲ್ಲಿ ಬರೆದು ನೋಡಿದ್ದೇನೆ. ಯಾವುದೂ ಅವಳ ದನಿಗೆ ಹೊಂದುವುದಿಲ್ಲ.

ನಾನು ಎಷ್ಟು ಹೊತ್ತು ಸುಮ್ಮನಿದ್ದೆ? ಒಂದು ಕ್ಷಣ ಎಂದು ಬರೆಯಬಹುದು. ಆದರೆ ಅಷ್ಟರಲ್ಲಿ ನರ್ಸು ಸಲೈನ್ ಬಾಟಲಿ ನೇತುಹಾಕಿ, ಕೈಯಲ್ಲಿ ನರ ಸಿಗದೆ ಇನ್ನೊಂದು ಕೈ ಹುಡುಕಿ, ಚುಚ್ಚಿ, ಪಟ್ಟಿ ಅಂಟಿಸಿ ಹೋದಳು. ಡಾಕ್ಟರಮ್ಮ ಬುಧವಾರ ಎಂದು ಕೇಸ್ ಪೇಪರಿನಲ್ಲಿ ಬರೆದು ಹೊರಗೆ ನಡೆದರು. ಇದೆಲ್ಲ ಕ್ಷಣದಲ್ಲಿ ಆಗುವುದಿಲ್ಲ. ಟೇಲರನ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಮಂಗಳವಾರ ನಳದ ಹತ್ತಿರ ಅವಳ ಕುತ್ತಿಗೆ ಮುಟ್ಟಿ ನೋಡಿದವರು ಅವರು. ಬುಧವಾರ ಅಲ್ಲ ಎಂದು ಅವರಿಗೆ ಗೊತ್ತು. ನಾನು ಎದ್ದು ಡಾಕ್ಟರಮ್ಮನ ಹಿಂದೆ ಓಡಿದ್ದು ಆ ನೋಟಕ್ಕೆ ಹೆದರಿಯೋ, ಸೊಸೆಗಾಗಿಯೋ? ಸೊಸೆಗಾಗಿ ಎಂದಿಟ್ಟುಕೊಳ್ಳಲು ನನಗೆ ಧೈರ್ಯ ಬರುತ್ತಿಲ್ಲ.

“ಸೋಮವಾರ” ಎಂದೆ. “ಸೋಮವಾರ ಮಧ್ಯಾಹ್ನ ಮೂರೂವರಿ. ನನ್ನ ಮೊಣಕಾಲಿನ ನೋವಿನ ಗುಳಗಿ ಕೊಟ್ಟೇನ್ರಿ. ಬುಧವಾರ ಎರಡು, ಗುರುವಾರ ಮುಂಜಾನೆ ಒಂದು.”

“ಗುಳಗಿ ಹೆಸರು?”

ಹೇಳಿದೆ. ಅವರು ತಿರುಗಿ ಒಳಗೆ ಹೋದರು, ನರ್ಸನ್ನು ಕೂಗಿದರು, ರಕ್ತ ತೆಗೆಸಿದರು, ಬಾಟಲಿಯ ಹನಿಯ ವೇಗ ಬದಲಿಸಿದರು. ಬೈಯಲಿಲ್ಲ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಲಿಲ್ಲ. ಅವರಿಗೆ ನಾನು ಮುಖ್ಯಳಾಗಿರಲಿಲ್ಲ.

ಸೊಸೆಯ ತಾಯಿ ಅವತ್ತೇ ಸಂಜೆ ಬಂದರು, ಮಗ ಮರುದಿನ. ಇಬ್ಬರಿಗೂ ‘ಜ್ವರ ಇಳಿದ ಕೂಡಲೇ ಹಿಂಗಾತು’ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಎರಡು ದಿನ ಪ್ಲೇಟ್ಲೆಟ್ ಇಳಿಯುತ್ತ ಹೋಯಿತು. ದಿನಕ್ಕೆ ಎರಡು ಸಲ ಒಂದು ಚೀಟಿ ಬರುತ್ತಿತ್ತು, ಮಗ ಅದನ್ನು ಓದುತ್ತಿದ್ದ, ನಾನು ಅವನ ಮುಖ ಓದುತ್ತಿದ್ದೆ. ರವಿವಾರ ಮಧ್ಯಾಹ್ನ ಅಂಕಿ ಮೇಲೆ ತಿರುಗಿತು. ಇನ್ನು ಭಯವಿಲ್ಲ ಎಂದು ಡಾಕ್ಟರಮ್ಮ ಹೇಳಿ ಹೋದರು. ಮಗ ಔಷಧ ತರಲು ಕೆಳಗೆ ಇಳಿದ. ಬೀಗತಿ ನನ್ನ ಎರಡೂ ಕೈ ಹಿಡಿದುಕೊಂಡರು.

“ನೀವು ಲಗೂನ ಕರಕೊಂಡು ಬಂದ್ರಿ ಅಂತ ಉಳದಾಳ್ರಿ ನನ್ನ ಮಗಳು. ನಿಮ್ಮ ಋಣ ಹೆಂಗ ತೀರಸಲಿ?”

ಇಲ್ಲಿ ನಾನು ಅಳುತ್ತ ಎಲ್ಲವನ್ನೂ ಹೇಳುವ ಒಂದು ಕರಡಿದೆ. ಚೆನ್ನಾಗಿಯೇ ಬಂದಿದೆ. ನಡೆದದ್ದು ಬೇರೆ. ನಾನು ಅವರ ಕೈ ಒತ್ತಿ, “ಏನ್ ಮಾತ್ರೀ ಬೀಗರ, ಆಕಿ ನನ್ನ ಮಗಳಲ್ಲೇನ್ರಿ?” ಎಂದೆ.

ಅವರು ಗಂಜಿಯ ಡಬ್ಬಿ ತೊಳೆಯಲು ಹೊರಗೆ ಹೋದರು. ಸೊಸೆ ಎಚ್ಚರವಿದ್ದಳು.

“ಅತ್ತೀ, ನೀವು ಡಾಕ್ಟರಗೆ ಹೇಳೀರಿ ಅಂತ ಗೊತ್ತೈತ್ರಿ. ಪೇಪರಿನ್ಯಾಗ ಬುಧವಾರ ಹೊಡದು ಸೋಮವಾರ ಬರದಾರ.”

ನಾನು ಚಾದರ ಸರಿಮಾಡಿದೆ. ಅದು ಸರಿಯಾಗೇ ಇತ್ತು.

“ಅವ್ವಗ ಹೇಳ್ತೀರೇನ್ರಿ?”

“ಹೇಳ್ತೇನಿ.”

“ಯಾವತ್ತು?”

ಅಷ್ಟರಲ್ಲಿ ಅವಳ ತಾಯಿ ಒಳಗೆ ಬಂದರು. ನಾನು ಸ್ಟೂಲು ಬಿಟ್ಟುಕೊಟ್ಟೆ.

ಅವಳು ಒಂದು ತಿಂಗಳು ತವರುಮನೆಯಲ್ಲಿದ್ದು ಬಂದಳು. ಮತ್ತೆ ಧಾರವಾಡಕ್ಕೆ ಹೋಗಿ ಬರುತ್ತಿದ್ದಾಳೆ. ನನ್ನೊಡನೆ ಮಾತು ಬಿಟ್ಟಿಲ್ಲ, ಆದರೆ ಏನನ್ನೂ ಕೇಳುವುದಿಲ್ಲ. ನಾನು ಮಗನಿಗೂ ಬೀಗತಿಗೂ ಇನ್ನೂ ಹೇಳಿಲ್ಲ. ಇದು ಅಚ್ಚಾಗುವ ಮೊದಲು ಹೋಗಿ ಹೇಳಬೇಕು. ಅವರೇ ಓದಿಕೊಳ್ಳಲಿ ಎಂದು ಬಿಟ್ಟರೆ ಅದೂ ಒಂದು ತಪ್ಪಿಸಿಕೊಳ್ಳುವಿಕೆ. ಮಗಳು ತವರಿಗೆ ಹೋಗಿ ಬಂದಾಗಲೆಲ್ಲ ಅವರು ನನಗೆಂದು ಗುರೆಳ್ಳು ಚಟ್ನಿ ಕುಟ್ಟಿ ಕಳಿಸುತ್ತಾರೆ, ನನಗೆ ಸೇರುತ್ತದೆ ಎಂದು ಬೆಳ್ಳುಳ್ಳಿ ಸ್ವಲ್ಪ ಹೆಚ್ಚು ಹಾಕಿ. ಕಳೆದ ವಾರ ಬಂದ ಡಬ್ಬಿಯಲ್ಲಿ ಅರ್ಧ ತಿಂದಿದ್ದೇನೆ.